ತೂತುಪಟ್ಟಿಯ ಜಾಗ

ಗೆಳೆಯ ಸಾದಿಮಾನ್ ಸತ್ತ ಮೇಲಿನ ಆ ಒಂದು ತಿಂಗಳಲ್ಲಿ ನನ್ನ ಅಣ್ಣ ಮಣೆ ಬಿಟ್ಟು ಎದ್ದಷ್ಟು ಸಲ ಅದಕ್ಕೆ ಮುಂಚಿನ ಇಡೀ ಆಯುಷ್ಯದಲ್ಲಿ ಎದ್ದಿರಲಿಲ್ಲ. ಏಳುವುದು, ಬಾಗಿಲಿಗೆ ಬರುವುದು, ಗಲ್ಲಿಯ ಆ ತುದಿ ಈ ತುದಿ ನೋಡುವುದು, ಒಳಗೆ ಹೋಗಿ ಕೂರುವುದು, ಕತ್ತಿ ಹಿಡಿಯುವುದು, ಮತ್ತೆ ಏಳುವುದು. ಎದುರು ಮನೆಯ ಜಗಲಿಯಲ್ಲಿ ತೆಂಗಿನಹಾಲಿನ ಅನ್ನ ಮಾರುತ್ತ ಕೂತ ನನಗೆ ಅವನನ್ನು ನೋಡಿ ನೋಡಿಯೇ ಮಂಡಿ ನೋಯುತ್ತಿತ್ತು. ಅಂಡು ಸುಟ್ಟ ಬೆಕ್ಕಿನ ಹಾಗೆ ಏನು ಓಡಾಟ ಇದು ಎಂದು ಒಂದೆರಡು ಸಲ ಕೂಗಿಯೂ ಕೇಳಿದೆ.

ಅಣ್ಣನ ಹೆಸರು ಪೋನಿರಾನ್. ಸೋಲೋ ಊರಿನ ಉತ್ತರಕ್ಕೆ ಹೊಳೆಯ ಏರಿಗೆ ಅಂಟಿಕೊಂಡಿರುವ ನಮ್ಮ ಗಲ್ಲಿಯಲ್ಲಿ ಎರಡು ಮನೆಗೊಬ್ಬರು ಹಕ್ಕಿಪಂಜರ ಮಾಡುವವರು. ಗಂಡಸಿಗೆ ಮನೆ, ಹೆಂಡತಿ ಆದ ಮೇಲೆ ಹಾಡುವ ಒಂದು ಬೆಳವಕ್ಕಿಯೂ ಬೇಕು ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಆ ಮಾತಿನಿಂದ ನಮ್ಮ ಗಲ್ಲಿಯ ಒಲೆಗಳು ಉರಿಯುತ್ತವೆ. ಪಂಜರದವರಲ್ಲಿ ನನ್ನ ಅಣ್ಣನೇ ಮೇಲು ಎಂದು ನಾನು ಹೇಳಿದರೆ ತಂಗಿಯಲ್ಲವೇ ಹೇಳುತ್ತಾಳೆ ಅನ್ನುತ್ತೀರಿ. ಆದರೆ ಅವನು ಕೂತ ಜಾಗ ನೋಡಿದವರು ಹಾಗೆ ಅನ್ನುವುದಿಲ್ಲ.

ಅವನು ಕೂರುವುದು ನೆಲದಿಂದ ಗೇಣೆತ್ತರದ ಮಣೆಯ ಮೇಲೆ. ಬಿದಿರನ್ನು ಹಿಡಿಯುವುದು ಕಾಲ ಬೆರಳುಗಳಲ್ಲಿ. ಬಲಗಡೆ ಗೋಡೆಗೆ ಒಂದು ಅಗಲವಾದ ತೇಗದ ಹಲಗೆ, ಅವನ ಮೊಣಕಾಲಿನ ಮಟ್ಟದಿಂದ ಭುಜದ ಮಟ್ಟದವರೆಗೆ ಮಾತ್ರ. ಅದಕ್ಕಿಂತ ಮೇಲಕ್ಕೆ ಒಂದು ಮೊಳೆಯೂ ಇಲ್ಲ, ಯಾಕೆಂದರೆ ಎದ್ದು ತೆಗೆದುಕೊಳ್ಳಬೇಕಾದ ಸಾಮಾನು ಪಕ್ಕದೂರಿನಲ್ಲಿದ್ದ ಹಾಗೆ ಎನ್ನುವುದು ಅವನ ಮಾತು. ಬಿದಿರು ಸೀಳುವ ಕತ್ತಿ, ಸಣ್ಣ ಗರಗಸ, ಬೈರಿಗೆ, ಉಳಿಗಳು, ಅರ, ಇಕ್ಕಳ, ಕೊಡತಿ, ಒಂದೊಂದಕ್ಕೂ ಒಂದೊಂದು ಮೊಳೆ. ಪ್ರತಿಯೊಂದರ ಸುತ್ತ ಬಿಳಿ ಬಣ್ಣದಲ್ಲಿ ಅದರ ಆಕಾರದ ಗೆರೆ. ಕಣ್ಣು ಕೆಲಸದಿಂದ ಕದಲುತ್ತಿರಲಿಲ್ಲ. ಕತ್ತಲಲ್ಲಿ ಊಟ ಮಾಡಿದರೂ ತುತ್ತು ಬಾಯಿಗೇ ಹೋಗುವುದಿಲ್ಲವೇ, ಹಾಗೆ ಕೈ ತಾನೇ ಹೋಗಿ ಬೇಕಾದ್ದನ್ನು ತರುತ್ತಿತ್ತು.

ಅತ್ತಿಗೆ ಪಾರ್ನಿ ಮದುವೆಯಾದ ಹೊಸದರಲ್ಲಿ ಆ ಗೆರೆಗಳನ್ನು ನೋಡಿ, “ನನ್ನ ಸುತ್ತಾನೂ ಒಂದು ಗೆರೆ ಎಳೆದುಬಿಡಿ. ತವರಿಗೆ ಹೋದಾಗ ಮನೇಲಿ ಏನು ಕಮ್ಮಿಯಾಗಿದೆ ಅಂತ ನಿಮಗೂ ಗೊತ್ತಾಗುತ್ತೆ” ಅಂದಿದ್ದಳು. ಇಡೀ ಗಲ್ಲಿ ಅದನ್ನು ಹೇಳಿಕೊಂಡು ನಕ್ಕಿತ್ತು. ನಾನು ನಗಲಿಲ್ಲ. ನಾವು ಬೆಳೆದದ್ದು ಒಂದೇ ಕೋಣೆಯ ಮನೆಯಲ್ಲಿ. ಅಪ್ಪ ಸೈಕಲ್ ರಿಕ್ಷಾ ತುಳಿಯುತ್ತಿದ್ದ, ನಾವು ಮಕ್ಕಳು ಮೆಣಸಿನಕಾಯಿ ಹರವಿದ ಹಾಗೆ ನೆಲದ ತುಂಬ ಮಲಗುತ್ತಿದ್ದೆವು. ಬೆಳಿಗ್ಗೆ ಮೊದಲು ಎದ್ದವನಿಗೆ ಒಳ್ಳೆಯ ಅಂಗಿ, ಕೊನೆಗೆ ಎದ್ದವನಿಗೆ ಹರಿದದ್ದು. ನನ್ನ ಅಣ್ಣ ಒಂದು ದಿನ ಎಲ್ಲಿಂದಲೋ ಮೊಳೆ ತಂದು ಕಂಬಕ್ಕೆ ಹೊಡೆದು, ತನ್ನ ಚಡ್ಡಿಯನ್ನು ಅದಕ್ಕೆ ನೇತುಹಾಕಿ, “ಇದು ನಂದು” ಅಂದ. ಮರುದಿನ ಅದನ್ನು ಯಾರೂ ಮುಟ್ಟಲಿಲ್ಲ. ಮೊಳೆಗೆ ಅಂಥ ಶಕ್ತಿ ಇದೆ ಎಂದು ಅವನಿಗೆ ಅವತ್ತೇ ಗೊತ್ತಾಗಿರಬೇಕು.

ಸಾದಿಮಾನ್ ಇದಕ್ಕೆ ತದ್ವಿರುದ್ಧ. ಇಬ್ಬರೂ ಒಬ್ಬನೇ ಮೇಸ್ತ್ರಿಯ ಹತ್ತಿರ ಕಲಿತವರು, ಒಂದೇ ತಟ್ಟೆಯಲ್ಲಿ ಉಂಡವರು. ಆದರೆ ಸಾದಿಯ ಕೆಲಸದ ಕೋಣೆ ಕೋಳಿ ಕೆದಕಿದ ತಿಪ್ಪೆ. ಉಳಿ ಚಹಾ ಲೋಟದಲ್ಲಿ, ಗರಗಸ ಹಾಸಿಗೆಯ ಕೆಳಗೆ. ಏನಾದರೂ ಬೇಕಾದರೆ ಕಾಲಿನಿಂದ ಬಿದಿರಿನ ಸಿಪ್ಪೆ ಸರಿಸುತ್ತ ಹುಡುಕುತ್ತಿದ್ದ, ಹಾಡು ಹೇಳುತ್ತಿದ್ದ, ಸಿಗದಿದ್ದರೆ ನಮ್ಮ ಅಣ್ಣನ ಮನೆಗೆ ಬರುತ್ತಿದ್ದ. “ಪೋನಿ, ನಿನ್ನ ಅಂಗಡಿ ತೆಗೆದಿದೆಯೇನೋ?” ಎಂದು ಬಾಗಿಲಲ್ಲೇ ಕೇಳುವುದು, ಹಲಗೆಯಿಂದ ಬೇಕಾದ್ದು ತೆಗೆಯುವುದು, ಹೋಗುವುದು. ಆಮೇಲೆ ಅಣ್ಣ ಆ ಖಾಲಿ ಗೆರೆಯನ್ನು ನೋಡುತ್ತ ಊಟ ಬಿಡುವುದು.

ಇಲ್ಲಿ ನಮ್ಮ ಗಲ್ಲಿಯ ನಡತೆಯ ಬಗ್ಗೆ ಒಂದು ಮಾತು ಹೇಳಬೇಕು, ಹೇಳುವಾಗಲೇ ನನಗೆ ಮೈ ಉರಿಯುತ್ತದೆ. ನಮ್ಮಲ್ಲಿ ಎರವಲು ಕೇಳಿದವರಿಗೆ ಇಲ್ಲ ಅನ್ನುವ ಹಾಗಿಲ್ಲ. ಕೊಟ್ಟದ್ದನ್ನು ವಾಪಸ್ ಕೊಡು ಅನ್ನುವ ಹಾಗೂ ಇಲ್ಲ, ಅದು ಎದುರಿಗಿದ್ದವನ ಮುಖಕ್ಕೆ ಉಗಿದ ಹಾಗೆ. ಮತ್ತೆ ಹೇಗೆ? ಸಾಮಾನಿನ ಯಜಮಾನನೇ ಹೋಗಿ, ಕೂತು, ಚಹಾ ಕುಡಿದು, ಹಕ್ಕಿಯ ಸುದ್ದಿ ಮಾತಾಡಿ, ಕೊನೆಗೆ “ನಿಮ್ಮಲ್ಲೊಂದು ಸುತ್ತಿಗೆ ಇದ್ದರೆ ಸ್ವಲ್ಪ ಹೊತ್ತು ಎರವಲು ಸಿಗುತ್ತಾ?” ಎಂದು ಕೇಳಬೇಕು. ಆಗ ಎರವಲು ತಂದವನು ನಾಲಿಗೆ ಕಚ್ಚಿಕೊಂಡು, “ಅಯ್ಯೋ, ಅದು ನಿಮ್ದೇ ಅಲ್ವಾ” ಎಂದು ಕೊಡಬೇಕು. ಇಬ್ಬರ ಮಾನವೂ ಉಳಿಯಿತು, ಸುತ್ತಿಗೆಯೂ ಬಂತು. ನನ್ನ ಗಂಡನಿಂದ ಅಣ್ಣ ಹೀಗೆ ತನ್ನ ಸುತ್ತಿಗೆಯನ್ನು ಎಷ್ಟು ಸಲ ಎರವಲು ತೆಗೆದುಕೊಂಡು ಹೋಗಿದ್ದಾನೋ ದೇವರೇ ಬಲ್ಲ.

ತೂತುಪಟ್ಟಿಯ ವಿಷಯದಲ್ಲಿ ಈ ನಡತೆ ಕೈಕೊಟ್ಟಿತು. ತೂತುಪಟ್ಟಿ ಎಂದರೆ ಒಂದು ಕಬ್ಬಿಣದ ಪಟ್ಟಿ, ಅದರಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ತೂತುಗಳು. ಸೀಳಿದ ಬಿದಿರನ್ನು ಒಂದಾದ ಮೇಲೊಂದು ತೂತಿನಲ್ಲಿ ಎಳೆದರೆ ಮೂಲೆಗಳೆಲ್ಲ ಹೋಗಿ ದುಂಡನೆಯ ಕಡ್ಡಿಯಾಗುತ್ತದೆ. ಪಂಜರದ ಅಂದ ಇರುವುದೇ ಆ ಕಡ್ಡಿಯಲ್ಲಿ. ಅಣ್ಣ ಅದನ್ನು ಕೊಂಡದ್ದಲ್ಲ. ಮದುವೆಗೆ ಮುಂಚೆ, ಒಂದು ರಂಜಾನಿನ ಉಪವಾಸದ ತಿಂಗಳು ಪೂರ್ತಿ, ಮುರಿದ ಲಾರಿ ಸ್ಪ್ರಿಂಗಿನ ತುಂಡನ್ನು ಇಟ್ಟುಕೊಂಡು, ಬಾಯಾರಿದ ಗಂಟಲಲ್ಲಿ ತೂತು ಕೊರೆದು, ಅರ ಹಾಕಿ, ಉಜ್ಜಿ ಮಾಡಿದ್ದು. ಹಲಗೆಯಲ್ಲಿ ಅದರ ಜಾಗ ಬಲಗೈಗೆ ತೀರ ಹತ್ತಿರ, ಮೊಣಕೈ ಮಡಿಸಿದಲ್ಲೇ ಸಿಗುವಂತೆ.

ಒಂದು ಮಳೆಗಾಲ ಸಾದಿ ಅದನ್ನು ತೆಗೆದುಕೊಂಡು ಹೋದ. ಬಹಳ ಕಾಲ ಬರಲಿಲ್ಲ. ಅಣ್ಣ ಹೋಗಿ, ಕೂತು, ಚಹಾ ಕುಡಿದು, ಶಾಸ್ತ್ರೋಕ್ತವಾಗಿ ಕೇಳಿದ: “ಸಾದಿ, ತೂತುಪಟ್ಟಿ ಇದ್ದರೆ ಒಂದು ಗಳಿಗೆ ಎರವಲು ಕೊಡ್ತೀಯಾ?”

ಸಾದಿ ಅವತ್ತು ಏನೋ ಅವಸರದಲ್ಲಿದ್ದ. ತಲೆ ಎತ್ತದೆ, “ತಗೊಂಡು ಹೋಗು. ಬೇಗ ತಂದುಕೊಡಪ್ಪ, ಕೆಲಸ ನಿಂತಿದೆ” ಅಂದ.

ಅಣ್ಣ ತಂದು ಅದರ ಜಾಗದಲ್ಲಿ ನೇತುಹಾಕಿದ. ಎರಡು ದಿನ ಕಳೆಯಿತೋ ಇಲ್ಲವೋ, ಸಾದಿಯ ಹೆಂಡತಿ ಗಿಯಾರ್ತಿ ಬಾಗಿಲಲ್ಲಿ ನಿಂತಿದ್ದಳು. “ಅಣ್ಣಾ, ನಿಮ್ಮ ಕೆಲಸ ಮುಗೀತಾ? ಪಟ್ಟಿ ಬೇಕಿತ್ತಂತೆ.”

ಹೆಂಗಸು ಬಾಗಿಲಿಗೆ ಬಂದು ನಿಂತಿದ್ದಾಳೆ, ಅವಳಿಗೆ ಏನೂ ಗೊತ್ತಿಲ್ಲ. “ಇದು ನಂದು ಕಣಮ್ಮ” ಅಂದರೆ ಅವಳು ನಾಚಿಕೆಯಿಂದ ಸಾಯುತ್ತಾಳೆ, ಗಂಡ ಹೆಂಡತಿಗೆ ಜಗಳವಾಗುತ್ತದೆ, ನಾಳೆಯಿಂದ ಸಾದಿ ಮುಖ ತಪ್ಪಿಸಿ ಓಡಾಡುತ್ತಾನೆ. ಇಷ್ಟೆಲ್ಲ ಒಂದು ಉಸಿರಿನಲ್ಲಿ ಯೋಚಿಸಿ ನನ್ನ ಅಣ್ಣ ಮೊಳೆಯಿಂದ ಪಟ್ಟಿ ತೆಗೆದು ಅವಳ ಕೈಗಿಟ್ಟ. “ಮುಗೀತು ನೋಡಮ್ಮ. ಉಪಕಾರ ಆಯ್ತು ಅಂತ ಹೇಳು” ಅಂದನಂತೆ. ಉಪಕಾರವಂತೆ. ದಾಕ್ಷಿಣ್ಯಕ್ಕೆ ಬಸುರಾಗಿ ಹೆರೋಕೆ ಜಾಗ ಇಲ್ಲ ಅನ್ನುವುದು ಇಂಥವರಿಗೇ. ಆ ದಿನದಿಂದ ಪಟ್ಟಿ ಸಾದಿಯದಾಯಿತು.

ಅಣ್ಣ ಪೇಟೆಯಿಂದ ಬೇರೆಯದು ತಂದ. ಕೆಲಸ ಹೇಗೋ ಸಾಗುತ್ತಿತ್ತು. ಆದರೆ ಅದು ಗಿಡ್ಡ, ಹಳೆಯ ಗೆರೆಯೊಳಗೆ ಕೂರುತ್ತಿರಲಿಲ್ಲ. ಹಲಗೆಯ ತುದಿಯಲ್ಲಿ ಬೇರೆ ಮೊಳೆ ಹೊಡೆದು ನೇತುಹಾಕಿದ. ಆಮೇಲೆ ವರ್ಷಗಟ್ಟಲೆ ನಾನು ನೋಡಿದ್ದೇನೆ, ಅವನ ಕೈ ಮೊದಲು ಖಾಲಿ ಗೆರೆಗೆ ಹೋಗುತ್ತಿತ್ತು, ಬರಿ ಹಲಗೆ ಮುಟ್ಟುತ್ತಿತ್ತು, ಆಮೇಲೆ ತುದಿಗೆ ಹೋಗುತ್ತಿತ್ತು.

ಇಬ್ಬರ ಸ್ನೇಹಕ್ಕೇನೂ ಆಗಲಿಲ್ಲ. ಸಂಜೆ ನನ್ನ ಜಗಲಿಯಲ್ಲಿ ಕೂತು ಲವಂಗದ ಸಿಗರೇಟು ಸೇದುತ್ತ ಒಬ್ಬರ ಹಕ್ಕಿಯನ್ನು ಒಬ್ಬರು ಆಡಿಕೊಳ್ಳುವುದು ನಿಲ್ಲಲಿಲ್ಲ. ಹಾಗಿರುವಾಗ ಒಂದು ಬೆಳಿಗ್ಗೆ ಸಾದಿ ಪಂಜರಗಳನ್ನು ಬೈಕಿಗೆ ಕಟ್ಟುತ್ತಿದ್ದವನು, ಹಗ್ಗ ಕೈಯಲ್ಲಿರುವಂತೆಯೇ ಕುಸಿದು ಕೂತ. ಆಸ್ಪತ್ರೆ ಮುಟ್ಟಲಿಲ್ಲ.

ನಮ್ಮಲ್ಲಿ ಹೆಣ ಎತ್ತುವ ಮುಂಚೆ ಅಂಗಳದಲ್ಲಿ ಒಂದು ಮಾತು ಕೇಳುತ್ತಾರೆ. ಮಸೀದಿಯ ಹಿರಿಯ ದಸುಕಿ ಅಜ್ಜ ಟಾರ್ಪಾಲಿನ ಕೆಳಗೆ ನಿಂತು, “ಸಾದಿಮಾನ್ ಒಳ್ಳೆಯವನೇ ಆಗಿದ್ದ, ಅಲ್ವೇನ್ರಪ್ಪಾ?” ಅಂದರು. ಎಲ್ಲರೂ “ಒಳ್ಳೆಯವನು” ಅಂದರು. ಆಮೇಲೆ ಅಜ್ಜ ಹೇಳಿದರು: “ಇವನು ಯಾರ ಹತ್ರಾನಾದ್ರೂ ಏನಾದ್ರೂ ಎರವಲು ತಂದು ಕೊಡದೆ ಉಳಿಸಿಕೊಂಡಿದ್ರೆ, ಮನೆಯವರಿಗೆ ಹೇಳಿ, ಕೊಡ್ತಾರೆ. ಇಲ್ಲ ಅಂದ್ರೆ ಮನಸಾರೆ ಬಿಟ್ಟುಬಿಡಿ. ಎರಡರಲ್ಲಿ ಒಂದು ಆಗಲೇಬೇಕು. ಎರವಲಿನ ಭಾರ ಹೊತ್ತುಕೊಂಡು ಅವನು ದಾರಿ ನಡೆಯೋಕಾಗಲ್ಲ.”

ಎಂದಿನಂತೆ ಎಲ್ಲರೂ ಸುಮ್ಮನಿರಬೇಕಿತ್ತು. ಆದರೆ ಗಲ್ಲಿಗೆ ತೂತುಪಟ್ಟಿಯ ಕಥೆ ಗೊತ್ತು, ಗಿಯಾರ್ತಿ ಒಬ್ಬಳನ್ನು ಬಿಟ್ಟು. ಒಂದೊಂದೇ ತಲೆ ನನ್ನ ಅಣ್ಣನ ಕಡೆ ತಿರುಗಿತು. ಅವನು ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ನಿಂತ. “ನನ್ನ ಕಡೆಯಿಂದ ಏನೂ ಇಲ್ಲ. ಎಲ್ಲಾ ಬಿಟ್ಟೆ” ಅಂದ. ನನಗೆ ಹೆಮ್ಮೆ ಅನ್ನಿಸಿತು, ಸುಳ್ಳೇಕೆ ಹೇಳಲಿ.

ಓಡಾಟ ಶುರುವಾದದ್ದು ಅದರ ಮರುದಿನದಿಂದ. ಮಾಡುತ್ತಿದ್ದ ಪಂಜರದ ಕಡ್ಡಿ ಮುರಿದ. ಹೊಸದು ಶುರುಮಾಡಿ ಅದರ ಚೌಕಟ್ಟನ್ನು ಸೊಟ್ಟ ಮಾಡಿದ. ಅವನು ಸೊಟ್ಟ ಮಾಡಿದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಅತ್ತಿಗೆ ನನ್ನ ಹತ್ತಿರ ಬಂದು, “ನಿಮ್ಮಣ್ಣನಿಗೆ ಏನಾಗಿದೆ? ಅನ್ನ ಬಡಿಸಿದರೆ ಕೈ ತೊಳ್ಕೊಂಡು ಬಂದು, ತಿನ್ನದೆ, ಮತ್ತೆ ಕೈ ತೊಳ್ಕೊಂಡು ಹೋಗ್ತಾರೆ” ಅಂದಳು.

ನಾನು ಅವನ ಮುಂದೆ ಹೋಗಿ ಕೂತೆ. “ಹೇಳು” ಅಂದೆ.

“ಏನು ಹೇಳೋದು ನೆಮ್.” ನನ್ನ ಹೆಸರು ಲೆಗಿನೆಮ್, ನೆಮ್ ಎಂದು ಕರೆಯುವವನು ಅವನೊಬ್ಬನೇ. “ನಾನು ಬಿಟ್ಟೆ ಅಂದೆ. ಬಿಟ್ಟಿಲ್ಲ.”

“ಪಟ್ಟಿ ವಿಷಯಾನಾ?”

“ಕೂತ ತಕ್ಷಣ ಕೈ ಅಲ್ಲಿಗೆ ಹೋಗುತ್ತೆ. ಖಾಲಿ ಹಲಗೆ ಮುಟ್ಟಿದ ಕೂಡಲೇ ಒಳಗೆ ಏನೋ ಚುಚ್ಚುತ್ತೆ. ‘ನಂದು’ ಅನ್ನುತ್ತೆ. ಇಷ್ಟು ವರ್ಷ ಚುಚ್ಚಿದ್ದು ಬೇರೆ, ಅವನು ಬದುಕಿದ್ದ. ಈಗ ಚುಚ್ಚಿದಾಗೆಲ್ಲ ನಾನು ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದ ಹಾಗೆ.” ಅವನ ಕಣ್ಣು ಕೆಂಪಾಗಿತ್ತು. “ನಿನ್ನೆ ಬೆಳಗಿನ ಜಾವ ಕನಸಲ್ಲಿ ಬಂದಿದ್ದ. ಗಲ್ಲಿ ಬಾಯಲ್ಲಿ ಚಪ್ಪಲಿ ಹಾಕ್ಕೊಂಡು ನಿಂತಿದ್ದ. ಹೋಗೋ ಅಂದ್ರೆ ಹೋಗ್ತಾನೇ ಇಲ್ಲ.”

ಸತ್ತವರು ನಲವತ್ತನೆಯ ದಿನದ ಪ್ರಾರ್ಥನೆಯವರೆಗೆ ಮನೆಯ ಸುತ್ತಲೇ ಇರುತ್ತಾರೆ, ಆಮೇಲೆ ಹೊರಡುತ್ತಾರೆ ಎಂದು ನಾವು ನಂಬುವವರು. ಆ ದಿನ ಹತ್ತಿರ ಬರುತ್ತಿತ್ತು. ಅಣ್ಣನ ಹೆದರಿಕೆ ಅದೇ. ಎಲ್ಲರೂ ಪ್ರಾರ್ಥನೆ ಮುಗಿಸಿ, ಅನ್ನದ ಪೊಟ್ಟಣ ಹಿಡಿದು ಮನೆಗೆ ಹೋಗುತ್ತಾರೆ, ಸಾದಿ ಮಾತ್ರ ಒಂದು ಕಬ್ಬಿಣದ ತುಂಡಿನ ದೆಸೆಯಿಂದ ಅಲ್ಲೇ ನಿಂತಿರುತ್ತಾನೆ. ಇದು ಹುಚ್ಚು ಎಂದು ನಾನು ಅವನಿಗೆ ಹೇಳಲಿಲ್ಲ, ಯಾಕೆಂದರೆ ನನಗೂ ಹೆದರಿಕೆಯಾಯಿತು.

ಅವನು ದಸುಕಿ ಅಜ್ಜನ ಹತ್ತಿರವೂ ಹೋಗಿದ್ದನಂತೆ. ನೇರ ಕೇಳುವ ಧೈರ್ಯವಿಲ್ಲ. “ನನಗೆ ಗೊತ್ತಿರೋರೊಬ್ರು ಬಿಟ್ಟೆ ಅಂತ ಹೇಳಿ, ಬಿಡೋಕಾಗದೆ ಒದ್ದಾಡ್ತಿದಾರೆ ಅಜ್ಜ” ಅಂದ. ಅಜ್ಜನಿಗೆ ಅರ್ಥವಾಗದೆ ಇರುತ್ತದೆಯೇ. “ಹಾಗಾದ್ರೆ ಆ ಗೊತ್ತಿರೋರಿಗೆ ಹೇಳು, ಹೋಗಿ ಕೇಳಿ ಈಸ್ಕೊಳ್ಳಲಿ. ಹಕ್ಕಿನ ವಸ್ತು ಕೇಳೋದು ಪಾಪ ಅಲ್ಲ. ಕೇಳೋಕೆ ನಾಚಿಕೆ, ಬಿಡೋಕೆ ಮನಸ್ಸಿಲ್ಲ, ಎರಡೂ ಆದ್ರೆ ಸತ್ತವನು ಏನು ಮಾಡಬೇಕು?” ಅಂದರಂತೆ.

“ಮತ್ತೆ ಕೇಳು” ಅಂದೆ ನಾನು.

“ಗಂಡ ಸತ್ತ ಹೆಂಗಸಿನ ಮನೆಗೆ ಹೋಗಿ ಕಬ್ಬಿಣ ಕೊಡು ಅನ್ನಲಾ?”

“ನೀನು ಹೋಗ್ಬೇಡ, ನಾನು ಹೋಗ್ತೀನಿ. ನಿನ್ನ ಹಾಗೆ ಚಹಾ ಕುಡ್ಕೊಂಡು ಹಕ್ಕಿ ಪುರಾಣ ಹೇಳೋಳಲ್ಲ ನಾನು. ಇದು ನಮ್ಮಣ್ಣಂದು, ಕೊಡು ಅಂತೀನಿ. ಮುಗೀತು.”

“ನೆಮ್, ಬೇಡ.”

ನಾನು ಅಷ್ಟರಲ್ಲಿ ಗಲ್ಲಿಯಲ್ಲಿದ್ದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಲ್ಲಿ ಹೊರಳಿಸುತ್ತ ಹೋದೆ. ಇಂಥ ಕೆಲಸಕ್ಕೆ ನನ್ನ ನಾಲಿಗೆಯೇ ಸರಿ ಎಂದು ಗಲ್ಲಿಯೆಲ್ಲ ಒಪ್ಪುತ್ತದೆ.

ಗಿಯಾರ್ತಿ ಹಿತ್ತಲ ಬಾಗಿಲಲ್ಲಿ ನೆಲದ ಮೇಲೆ ಕೂತಿದ್ದಳು. ಎರಡು ಪಾದಗಳ ನಡುವೆ ಮರದ ತುಂಡು, ಅದರ ಸೀಳಿನಲ್ಲಿ ತೂತುಪಟ್ಟಿ. ಬಿದಿರಿನ ಸೀಳನ್ನು ತೂತಿಗೆ ತೂರಿಸಿ, ಇಕ್ಕಳದಲ್ಲಿ ತುದಿ ಹಿಡಿದು, ಹಿಂದಕ್ಕೆ ವಾಲಿ ಎಳೆಯುತ್ತಿದ್ದಳು. ಪಕ್ಕದಲ್ಲಿ ಎಳೆದ ಕಡ್ಡಿಗಳ ಕಟ್ಟು. ಪಂಜರ ಕಟ್ಟುವುದು ಅವಳಿಗೆ ಬಾರದು, ಕಡ್ಡಿ ಎಳೆದು ಬೇರೆ ಪಂಜರದವರಿಗೆ ಕೊಡುವುದನ್ನು ಶುರುಮಾಡಿದ್ದಳು. ಅಂಗೈಯಲ್ಲಿ ಬೊಬ್ಬೆ.

“ಬಾ ಲೆಗಿನೆಮ್, ಕೂತ್ಕೋ” ಅಂದಳು. ಚಹಾ ತಂದಳು. ನಾನು ಕುಡಿದೆ. ಅವರ ಬೆಳವಕ್ಕಿ ಸಾದಿ ಹೋದ ಮೇಲೆ ಹಾಡುತ್ತಿಲ್ಲ ಅಂದಳು. ನಮ್ಮದೂ ಗರಿ ಉದುರಿಸುತ್ತಿದೆ ಅಂದೆ. ಅವಳು ಪಟ್ಟಿಯನ್ನು ಸೆರಗಿನಿಂದ ಒರೆಸುತ್ತ, “ನಮ್ಮವರ ಸಾಮಾನು ನಿನಗೆ ಗೊತ್ತಲ್ಲ, ಎಲ್ಲಾ ನೆಲದ ಮೇಲೆ. ಇದೊಂದನ್ನ ಮಾತ್ರ ಕೆಲಸ ಆದ ಕೂಡಲೇ ಬಟ್ಟೆ ಸುತ್ತಿ ಅಕ್ಕಿ ಪೆಟ್ಟಿಗೆ ಮೇಲಿಡೋರು. ಯಾಕೆ ಅಂದ್ರೆ ನಗೋರು” ಅಂದಳು.

ನನಗೆ ತಲೆಗೆ ಹೊಡೆದಂತಾಯಿತು. ತನ್ನ ಸ್ವಂತದ್ದನ್ನು ಒದ್ದು ಹುಡುಕುವವನು ಬಟ್ಟೆ ಸುತ್ತಿ ಇಡುವುದು ಪರರ ವಸ್ತುವನ್ನು ಮಾತ್ರ. ಅವನಿಗೆ ಗೊತ್ತಿತ್ತು. ಯಾವತ್ತೋ ನೆನಪಾಗಿರಬೇಕು. ಆಗ ತಂದುಕೊಡೋಣವೆಂದರೆ, ಹೆಂಡತಿಯನ್ನು ಕಳಿಸಿ ಕೇಳಿಸಿದ್ದೆನಲ್ಲ ಎಂದು ನಾಚಿಕೆಯಾಗಿರಬೇಕು. ಇವನು ಕೇಳಲಿಲ್ಲ, ಅವನು ಕೊಡಲಿಲ್ಲ, ಇಬ್ಬರೂ ನನ್ನ ಜಗಲಿಯಲ್ಲಿ ಕೂತು ಹೊಗೆ ಬಿಟ್ಟುಕೊಂಡು ಕಾಲ ಕಳೆದರು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು.

ಗಿಯಾರ್ತಿ ನನ್ನ ಮುಖ ನೋಡಿದಳು. “ಏನೋ ಕೇಳೋಕೆ ಬಂದ ಹಾಗಿದೆ?”

ನಾನು ಬಾಯಿ ತೆರೆದೆ. ದಾರಿಯುದ್ದಕ್ಕೂ ಸಾಣೆ ಹಿಡಿದ ಮಾತು ನಾಲಿಗೆಯ ತುದಿಯಲ್ಲಿತ್ತು. ಹೊರಗೆ ಬಂದದ್ದು ಇದು: “ಏನಿಲ್ಲ. ಅಣ್ಣನಿಗೆ ಈ ಪಟ್ಟಿ ಬೇಕಿತ್ತು, ಇವತ್ತೊಂದು ದಿನ ಎರವಲು ಕೊಡ್ತೀಯಾ?”

“ಅದಕ್ಕೇನು, ತಗೊಂಡು ಹೋಗು. ಸಂಜೆ ತಂದುಕೊಟ್ರೆ ಸಾಕು” ಅಂದಳು.

ನಾನು ತಲೆ ತಗ್ಗಿಸಿಕೊಂಡು ಗಲ್ಲಿಯಲ್ಲಿ ವಾಪಸ್ ಬಂದೆ. ನನ್ನನ್ನು ಹೆತ್ತ ಹೊಟ್ಟೆಯೇ ಅವನನ್ನೂ ಹೆತ್ತದ್ದು.

ಪಟ್ಟಿಯನ್ನು ಅವನ ಮಡಿಲಿಗೆ ಹಾಕಿ, “ಸಂಜೆ ವಾಪಸ್ ಕೊಡಬೇಕು” ಅಂದೆ. ಬೊಬ್ಬೆ ಎದ್ದ ಕೈಯ ಕಥೆಯನ್ನೂ ಬಟ್ಟೆ ಸುತ್ತಿದ ಕಥೆಯನ್ನೂ ಹೇಳಿದೆ. ಅವನು ನಗುತ್ತಾನೆ ಅಂದುಕೊಂಡಿದ್ದೆ, ನಗಲಿಲ್ಲ. ಪಟ್ಟಿಯನ್ನು ಎತ್ತಿ ಅದರ ಹಳೆಯ ಮೊಳೆಗೆ ಹಾಕಿದ. ಬಿಳಿ ಗೆರೆಯೊಳಗೆ ಅದು ಕೂದಲೆಳೆಯಷ್ಟೂ ಆಚೀಚೆ ಆಗದೆ ಕೂತಿತು. ಅವನು ಹಿಂದಕ್ಕೆ ಒರಗಿ ಹಲಗೆಯನ್ನು ನೋಡಿದ. ಎಷ್ಟೋ ವರ್ಷದ ಮೇಲೆ ಹಲಗೆ ತುಂಬಿತ್ತು. ಅವನು ಅಷ್ಟು ಸುಖವಾಗಿ ಉಸಿರು ಬಿಟ್ಟದ್ದನ್ನು ನೋಡಿ, ಏನಾದರೂ ಆಗಲಿ, ಗಿಯಾರ್ತಿಗೆ ಹೇಳಿಯೇ ಬಿಡೋಣ ಅನ್ನಿಸಿತು ನನಗೆ.

ಮಧ್ಯಾಹ್ನದ ಬಾಂಗು ಆದ ಮೇಲೆ ಪಟ್ಟಿಯನ್ನು ಇಳಿಸಿದ. ಬೆಳಕಿಗೆ ಹಿಡಿದು ಒಂದೊಂದೇ ತೂತನ್ನು ನೋಡಿದ. ಅಂಚುಗಳು ಒರಟಾಗಿದ್ದವು, ಅದಕ್ಕೇ ಅವಳ ಕೈಗೆ ಅಷ್ಟು ಬಲ ಬೇಕಾಗುತ್ತಿದ್ದದ್ದು. ಸಣ್ಣ ಅರ ತೆಗೆದು ಎಲ್ಲ ತೂತುಗಳನ್ನೂ ನಯ ಮಾಡಿದ, ಎಣ್ಣೆ ಸವರಿದ, ಒಂದು ಬಿದಿರು ಎಳೆದು ನೋಡಿದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಇನ್ನೊಂದು ಎಳೆಯಬಹುದಿತ್ತು, ಎಳೆಯಲಿಲ್ಲ. “ಬಾ” ಅಂದ ನನಗೆ. ಸುತ್ತಿಗೆಯನ್ನೂ ಒಂದು ಮೊಳೆಯನ್ನೂ ಜೇಬಿಗೆ ಹಾಕಿಕೊಂಡ.

ಗಿಯಾರ್ತಿಯ ಮನೆಯಲ್ಲಿ, “ನೀನು ಕೆಲಸಕ್ಕೆ ಕೂತ್ಕೊಳ್ಳೋ ಹಾಗೆ ಕೂತ್ಕೋಮ್ಮ” ಅಂದ. ಅವಳು ಕೂತಳು. “ಈಗ ಕಣ್ಣು ಮುಚ್ಕೊಂಡು ಬಲಗೈ ಚಾಚು.” ಅವಳು ನನ್ನ ಮುಖ ನೋಡಿ ನಕ್ಕು, ಚಾಚಿದಳು. ಅವಳ ಬೆರಳು ಗೋಡೆಗೆ ತಗಲಿದ ಜಾಗದಲ್ಲಿ ಮೊಳೆ ಹೊಡೆದ. ಪಟ್ಟಿಯನ್ನು ಅದಕ್ಕೆ ನೇತುಹಾಕಿದ.

“ಅಕ್ಕಿ ಪೆಟ್ಟಿಗೆ ಮೇಲಿಡಬೇಡ, ತೇವಕ್ಕೆ ತುಕ್ಕು ಹಿಡಿಯುತ್ತೆ. ಇದರ ಜಾಗ ಇದು. ಎದ್ದು ಹುಡುಕೋ ಹಾಗಾಗಬಾರದು.”

“ಉಪಕಾರ ಆಯ್ತಣ್ಣ” ಅಂದಳು ಗಿಯಾರ್ತಿ. “ನಿಮಗೆ ಯಾವಾಗ ಬೇಕಾದ್ರೂ ತಗೊಂಡು ಹೋಗಿ. ಸಂಕೋಚ ಮಾಡ್ಕೋಬೇಡಿ.”

“ಆಗಲಮ್ಮ” ಅಂದ ಅಣ್ಣ.

ಇಲ್ಲಿಗೆ ಮುಗಿಯಿತು ಎಂದು ನಾನು ಆ ಸಂಜೆ ಒಲೆ ಹಚ್ಚಿದೆ. ನಲವತ್ತಕ್ಕೆ ಇನ್ನು ಸ್ವಲ್ಪವೇ ಉಳಿದಿತ್ತು, ಅಡುಗೆಯಲ್ಲಿ ನನ್ನದೂ ಪಾಲಿತ್ತು. ಆದರೆ ಮರುದಿನ ಬೆಳಿಗ್ಗೆ ಅನ್ನದ ಬುಟ್ಟಿ ಇಟ್ಟುಕೊಂಡು ಕೂತಾಗ ಎದುರಿನ ಬಾಗಿಲಲ್ಲಿ ಅವನು ಮತ್ತೆ ಕಾಣಿಸಿದ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಒಳಗೆ ಹೋದ. ಆಮೇಲೆ ಒಂದೇ ಸಮನೆ ಟಕ ಟಕ ಎಂದು ಶಬ್ದ. ಅತ್ತಿಗೆ ಓಡಿ ಬಂದಳು. “ಬನ್ನಿ, ಬೇಗ ಬನ್ನಿ. ನಿಮ್ಮಣ್ಣ ಹಲಗೆ ಕೀಳ್ತಿದಾರೆ.”

ನಾವು ಹೋಗುವಷ್ಟರಲ್ಲಿ ಗೋಡೆ ಬೋಳಾಗಿತ್ತು. ಸಾಮಾನುಗಳೆಲ್ಲ ಚಾಪೆಯ ಮೇಲೆ, ಮೊಳೆಗಳೆಲ್ಲ ಬೋಗುಣಿಯಲ್ಲಿ. ಹಲಗೆಯನ್ನು ನೆಲದ ಮೇಲಿಟ್ಟು ಗೆರೆಗಳನ್ನೆಲ್ಲ ಮರಳು ಕಾಗದ ಹಾಕಿ ಉಜ್ಜುತ್ತಿದ್ದ. ಉಜ್ಜಿ ಮುಗಿಸಿ, ಹಲಗೆಯನ್ನು ತಲೆಕೆಳಗು ಮಾಡಿ, ಬಲಗಡೆ ಇದ್ದದ್ದನ್ನು ಎಡಗಡೆಯ ಗೋಡೆಗೆ ಹೊಡೆದ. ಕತ್ತಿ ಇದ್ದ ಕಡೆ ಅರ, ಬೈರಿಗೆ ಇದ್ದ ಕಡೆ ಉಳಿ, ಪೇಟೆಯ ಗಿಡ್ಡ ಪಟ್ಟಿ ನಟ್ಟನಡುವೆ. ಒಂದೂ ಮೊದಲಿನ ನೆರೆಹೊರೆಯಲ್ಲಿ ಉಳಿಯಲಿಲ್ಲ.

“ತಲೆ ಕೆಟ್ಟಿದೆಯೇನೋ ನಿನಗೆ” ಅಂದೆ. “ಜೀವಮಾನ ಪೂರ್ತಿ ಕಲಿತದ್ದನ್ನ ಹಾಳು ಮಾಡ್ಕೊಂಡೆಯಲ್ಲ. ಇನ್ನು ಈ ವಯಸ್ಸಲ್ಲಿ ಹೊಸದಾಗಿ ಕಲೀತೀಯಾ?”

ಅವನು ಮಣೆಯ ಮೇಲೆ ಕೂತು ಬೆವರು ಒರೆಸಿಕೊಂಡ. “ಬಾಯಿಗೆ ಹೇಳಿದೆ, ಬಿಟ್ಟಿತು. ನಿನ್ನೆ ಅವಳ ಕೈ ನೋಡಿದ ಮೇಲೆ ಮನಸ್ಸೂ ಬಿಟ್ಟಿತು, ನಿಜವಾಗಿ ಬಿಟ್ಟಿತು ನೆಮ್. ಬೆಳಿಗ್ಗೆ ಬಂದು ಕೂತೆ, ಈ ಕೈ ಮತ್ತೆ ಅಲ್ಲಿಗೇ ಹೋಯ್ತು. ಇದಕ್ಕೆ ಯಾವ ಭಾಷೇಲಿ ಹೇಳಲಿ?” ಬಲಗೈಯನ್ನು ತಿರುಗಿಸಿ ಮುರುಗಿಸಿ ನೋಡಿದ. “ಈಗ ಇದಕ್ಕೆ ಯಾವುದೂ ಸಿಗಲ್ಲ. ಇನ್ನು ಅದೊಂದನ್ನೇ ಹುಡುಕ್ಕೊಂಡು ಹೋಗಲ್ಲ.”

ಅತ್ತಿಗೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಅವನು ಬಿದಿರನ್ನು ಕಾಲ್ಬೆರಳಲ್ಲಿ ಹಿಡಿದು, ಕಣ್ಣು ಅದರ ಮೇಲಿಟ್ಟು, ಎಡಕ್ಕೆ ಕೈ ಚಾಚಿದ. ಕತ್ತಿ ಬೇಕಿತ್ತು, ಇಕ್ಕಳ ಬಂತು. ನೋಡಿದ, ವಾಪಸ್ ಸಿಕ್ಕಿಸಿದ. ಮತ್ತೆ ಚಾಚಿದ, ಅರ ಬಂತು. ಕಲಿಯಲು ಬಂದ ಮೊದಲ ದಿನದ ಹುಡುಗನೂ ಅದಕ್ಕಿಂತ ಮೇಲು.

ಅವತ್ತು ಸಂಜೆಯವರೆಗೆ ಅವನ ಕೈಯಿಂದ ಒಂದು ಕಡ್ಡಿಯೂ ನೆಟ್ಟಗೆ ಹೊರಬೀಳಲಿಲ್ಲ. ನಾನು ಅನ್ನ ಮಾರಿ ಮುಗಿಸಿ, ಬುಟ್ಟಿ ತೊಳೆದು, ಜಗಲಿ ಗುಡಿಸಿ, ಕತ್ತಲಾಗುವ ತನಕ ಅಲ್ಲೇ ಕೂತು ನೋಡಿದೆ. ಅವನು ಮಣೆ ಬಿಟ್ಟು ಒಂದು ಸಲವೂ ಏಳಲಿಲ್ಲ.